ಗಿಡವಾಗಿ ಬಗ್ಗದ್ದು

ಕೇಳುಗರಿಗೆ ನಮಸ್ಕಾರ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಈ ಗಾದೆಯನ್ನು ಕೇಳದೆ ದೊಡ್ಡವರಾದ ಕನ್ನಡಿಗರು ಇರಲಾರರು. ಅದಕ್ಕೆ ಜೊತೆಯಾಗಿ ಇನ್ನೊಂದಿದೆ, ಹುಟ್ಟುಗುಣ ಸುಟ್ಟರೂ ಹೋಗದು ಎಂದು. ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ಮೂವತ್ತು ವರ್ಷ ಮನಃಶಾಸ್ತ್ರ ಪಾಠ ಹೇಳಿದವಳು ನಾನು. ಈ ಎರಡು ಗಾದೆಗಳೊಂದಿಗೆ ಅಷ್ಟೂ ವರ್ಷ ಜಗಳವಾಡಿದ್ದೇನೆ. ಆ ಜಗಳವನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಅದನ್ನು ಬಾನುಲಿಯಲ್ಲಿ ಹೇಳುವುದಕ್ಕೆ ನನಗೆ ವಿಶೇಷ ಸಂತೋಷವಿದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿ, ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ ಕೇಂದ್ರವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.

ಮೊದಲು ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವಿಯೆನ್ನಾದ ವೈದ್ಯ ಫ್ರಾಯ್ಡ್. ಮನುಷ್ಯನ ವ್ಯಕ್ತಿತ್ವದ ತಳಪಾಯ ಐದಾರು ವರ್ಷದೊಳಗೆ ಬಿದ್ದುಬಿಡುತ್ತದೆ, ಆಮೇಲಿನ ಬದುಕೆಲ್ಲ ಅದರ ಮೇಲೆ ಕಟ್ಟಿದ ಗೋಡೆ ಎಂಬುದು ಅವರ ನಿಲುವು. ಗಾದೆಯ ಕಡೆಯವರು ಎನ್ನಿ. ಅವರ ಸುತ್ತ ಕುಳಿತು ಕಲಿತವರಲ್ಲೂ ಅವರ ಬರಹಗಳನ್ನು ಓದಿ ಬೆಳೆದವರಲ್ಲೂ ಕೆಲವರಿಗೆ ಇದು ಒಪ್ಪಿಗೆಯಾಗಲಿಲ್ಲ. ಸುಪ್ತ ಮನಸ್ಸಿದೆ, ಬಾಲ್ಯ ಮುಖ್ಯ, ಅದೆಲ್ಲ ನಿಜ. ಆದರೆ ಮನುಷ್ಯನನ್ನು ರೂಪಿಸುವುದು ಒಳಗಿನ ಕಾಮನೆಯೊಂದೇ ಏನು? ಅಣ್ಣ ತಮ್ಮಂದಿರು, ಬೀದಿ, ಶಾಲೆ, ಕೆಲಸ, ಬಡತನ, ಕಾಲ ಇವುಗಳಿಗೆ ಪಾಲಿಲ್ಲವೇ? ಹೀಗೆ ಕೇಳಿದವರನ್ನು ನವ ಫ್ರಾಯ್ಡ್‌ವಾದಿಗಳು ಎಂದು ಕರೆಯುತ್ತೇವೆ.

ಅವರಲ್ಲಿ ಆಲ್ಫ್ರೆಡ್ ಆಡ್ಲರ್ ನನಗೆ ಬಹಳ ಹತ್ತಿರದವರು. 1870ರಲ್ಲಿ ವಿಯೆನ್ನಾ ಬಳಿ ಹುಟ್ಟಿದರು. ಎಲುಬು ಮೆತ್ತಗಾಗುವ ರಿಕೆಟ್ಸ್ ರೋಗದಿಂದ ಕಾಲು ಸೋತ ಮಗು. ನ್ಯುಮೋನಿಯಾ ಬಂದು ಸಾವಿನ ಬಾಗಿಲು ತಟ್ಟಿ ಬಂದರು, ಬೆಳೆದು ವೈದ್ಯರಾದರು. 1902ರಲ್ಲಿ ಫ್ರಾಯ್ಡ್ ಅವರ ಬುಧವಾರದ ಕೂಟಕ್ಕೆ ಸೇರಿ, 1911ರಲ್ಲಿ ಹೊರಬಂದರು. ಇಂದು ನಾವು ಮಾತುಮಾತಿಗೆ ಬಳಸುವ ‘ಕೀಳರಿಮೆ’ಯ ಹಿಂದಿರುವುದು ಆಡ್ಲರ್ ಅವರ ಚಿಂತನೆ. ನಾವು ಅದನ್ನು ಬೈಗುಳದಂತೆ ಬಳಸುತ್ತೇವೆ. ಅವರು ಹಾಗೆ ಬಳಸಲಿಲ್ಲ. ಮಗು ಎಂದರೆ ದೊಡ್ಡವರ ಮೊಣಕಾಲಿನ ಎತ್ತರದ ಜೀವ, ತಾನು ಚಿಕ್ಕದು ಎಂಬ ಅರಿವು ಅದಕ್ಕೆ ಸಹಜ. ಮೇಲೇರುವ ಬಯಕೆ ಹುಟ್ಟುವುದೇ ಅಲ್ಲಿಂದ ಎಂದರು. ಆ ಬಯಕೆಗೆ ದಾರಿ ಸಿಗದೆ ಹೋದಾಗ ಅದು ಗಂಟಾಗಿ ನಿಲ್ಲುತ್ತದೆ. ಗಂಟನ್ನು ಸಡಿಲಿಸುವುದು ಜೊತೆಯ ಜನರೊಂದಿಗಿನ ಒಡನಾಟ, ನಾನು ಇವರಿಗೆ ಬೇಕಾದವನು ಎಂಬ ಭಾವ. 1920ರ ದಶಕದಲ್ಲಿ ಅವರು ವಿಯೆನ್ನಾದಲ್ಲಿ ಮಕ್ಕಳ ಮಾರ್ಗದರ್ಶನ ಕೇಂದ್ರಗಳನ್ನು ನಡೆಸಿದರು. ತಂದೆ ತಾಯಿ, ಶಿಕ್ಷಕರು ಎಲ್ಲರ ಎದುರಿನಲ್ಲೇ ಮಗುವಿನ ಜೊತೆ ಮಾತನಾಡುತ್ತಿದ್ದರು.

ಹಿರಿಯ ಮಗ ಹೀಗೆ, ಕಿರಿಯವನು ಹಾಗೆ ಎಂದು ಹುಟ್ಟಿದ ಕ್ರಮದಿಂದ ಗುಣ ಹೇಳುವ ಅವರ ಮಾತು ಬಹಳ ಜನಪ್ರಿಯ. ಆದರೆ ನಂತರದ ದೊಡ್ಡ ಅಧ್ಯಯನಗಳಲ್ಲಿ ಅದಕ್ಕೆ ಹೆಚ್ಚಿನ ಆಧಾರ ಸಿಕ್ಕಿಲ್ಲ. ಹಿರಿಯ ಮಗಳು ಎಂಬ ಕಾರಣಕ್ಕೆ ಒಬ್ಬ ಹುಡುಗಿಯ ಮೇಲೆ ಇಡೀ ಸಂಸಾರದ ಭಾರ ಹೊರಿಸುವವರು ದಯವಿಟ್ಟು ಇದನ್ನು ಗಮನಿಸಬೇಕು.

ಕರೆನ್ ಹಾರ್ನೈ ಜರ್ಮನಿಯವರು. 1932ರಲ್ಲಿ ಅಮೆರಿಕಕ್ಕೆ ಹೋದರು. ಹೆಣ್ಣಿಗೆ ಗಂಡಿನ ದೇಹದ ಬಗ್ಗೆ ಅಸೂಯೆ ಎಂದು ಫ್ರಾಯ್ಡ್ ಹೇಳಿದ್ದನ್ನು ಅವರು ನೇರವಾಗಿ ಪ್ರಶ್ನಿಸಿದರು. ಅಸೂಯೆಯೇನಾದರೂ ಇದ್ದರೆ ಅದು ಗಂಡಿಗೆ ಸಿಕ್ಕಿರುವ ಸ್ಥಾನದ ಮೇಲೆ, ಅವಕಾಶದ ಮೇಲೆ ಎಂದರು. ತರಗತಿಯಲ್ಲಿ ಈ ಮಾತು ಹೇಳಿದ ಪ್ರತಿ ವರ್ಷವೂ ಹಿಂದಿನ ಬೆಂಚಿನ ಹುಡುಗಿಯರು ತಲೆಯೆತ್ತಿ ನೋಡಿದ್ದಾರೆ. ಹಾರ್ನೈ ಅವರು ಕೊಟ್ಟ ಇನ್ನೊಂದು ವಿಚಾರವಿದೆ, ‘ಬೇಕು’ಗಳ ದಬ್ಬಾಳಿಕೆ. ನಾನು ಹೀಗಿರಲೇಬೇಕು, ಎಲ್ಲರಿಗೂ ಇಷ್ಟವಾಗಲೇಬೇಕು, ಎಂದೂ ಸೋಲಬಾರದು ಎಂದು ಒಳಗೊಬ್ಬ ಮೇಸ್ತ್ರಿ ನಿಂತು ಗದರಿಸುತ್ತಲೇ ಇರುತ್ತಾನೆ. ನಮ್ಮಲ್ಲಿ ಆ ಮೇಸ್ತ್ರಿಯ ಬಾಯಲ್ಲಿ ಸದಾ ಇರುವ ಮಾತು ಒಂದೇ: ನಾಲ್ಕು ಜನ ಏನೆಂದುಕೊಂಡಾರು? ಪಿಯುಸಿ ಫಲಿತಾಂಶದ ದಿನ ಶೇಕಡಾ 91 ಅಂಕ ಪಡೆದ ಹುಡುಗಿಯೊಬ್ಬಳು ಫೋನ್ ಮಾಡಿ ಒಂದೇ ಸಮನೆ ಅತ್ತಿದ್ದಳು. ಯಾರಮ್ಮ ಆ ನಾಲ್ಕು ಜನ, ಹೆಸರು ಹೇಳು ಎಂದೆ. ಬಹಳ ಹೊತ್ತು ಯೋಚಿಸಿದಳು. ಇಬ್ಬರ ಹೆಸರು ಸಿಕ್ಕಿತು. ಅವರಲ್ಲಿ ಒಬ್ಬರು ಅವಳ ಅಜ್ಜಿ.

ಇನ್ನು ಎರಿಕ್ ಎರಿಕ್ಸನ್. 1902ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಇವರಿಗೆ ಹೆತ್ತ ತಂದೆ ಯಾರೆಂದು ಕೊನೆಯವರೆಗೂ ತಿಳಿಯಲಿಲ್ಲ. ತಾಯಿ ಯಹೂದಿ, ಮಲತಂದೆಯೂ ಯಹೂದಿ. ಹುಡುಗನೋ ಎತ್ತರದ ನಿಲುವು, ಹೊಂಬಣ್ಣದ ಕೂದಲು. ಪ್ರಾರ್ಥನಾ ಮಂದಿರದಲ್ಲಿ ನೀನು ನಮ್ಮವನಲ್ಲ ಎಂದರು, ಶಾಲೆಯಲ್ಲಿ ನೀನು ಯಹೂದಿ ಎಂದರು. ಚಿತ್ರ ಬರೆಯುತ್ತ ಯುರೋಪು ಅಲೆದು, ವಿಯೆನ್ನಾದಲ್ಲಿ ಶಾಲಾ ಶಿಕ್ಷಕನಾಗಿ, ಫ್ರಾಯ್ಡ್ ಅವರ ಮಗಳು ಅನ್ನಾ ಅವರ ಬಳಿ ಮನೋವಿಶ್ಲೇಷಣೆ ಕಲಿತರು. ಅಮೆರಿಕದ ಪೌರತ್ವ ಪಡೆದಾಗ ಎರಿಕ್ಸನ್, ಅಂದರೆ ಎರಿಕ್‌ನ ಮಗ, ಎಂಬ ಹೆಸರಿಟ್ಟುಕೊಂಡರು. ತನಗೆ ತಾನೇ ತಂದೆಯಾದಂತೆ. ಅಸ್ಮಿತೆಯ ಬಿಕ್ಕಟ್ಟು, ಅಂದರೆ ನಾನು ಯಾರು ಎಂಬ ತಳಮಳ, ಎಂಬ ಮಾತು ಇಂಥವರಿಂದ ಬಂದದ್ದು ನನಗೆ ಆಶ್ಚರ್ಯ ತರುವುದಿಲ್ಲ. ಪಾವಗಡದ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು, ‘ಇಲ್ಲಿ ಎಲ್ಲರಿಗೂ ನಾನು ಹಳ್ಳಿಯವಳು ಮೇಡಂ, ಹಬ್ಬಕ್ಕೆ ಊರಿಗೆ ಹೋದರೆ ಬೆಂಗಳೂರಿನವಳು ಬಂದಳು ಅನ್ನುತ್ತಾರೆ’ ಎಂದಿದ್ದಳು. ಎರಿಕ್ಸನ್ ಅವರ ಪುಟ ತೆರೆದು ಅವಳ ಮುಂದಿಟ್ಟಿದ್ದೆ.

1950ರಲ್ಲಿ ಅವರು ಬದುಕನ್ನು ಎಂಟು ಘಟ್ಟಗಳಾಗಿ ವಿವರಿಸಿದರು. ಎಳೆಗೂಸಿಗೆ ನಂಬಿಕೆಯ ಪ್ರಶ್ನೆ, ನಡೆಯಲು ಕಲಿತ ಮಗುವಿಗೆ ಸ್ವಂತಿಕೆಯ ಪ್ರಶ್ನೆ. ಆಟ, ಶಾಲೆ, ಹರೆಯ, ಸಂಗಾತಿ, ನಡುವಯಸ್ಸು, ಮುಪ್ಪು ಹೀಗೆ ಸಾಲು ಮುಂದುವರಿಯುತ್ತದೆ. ಒಂದೊಂದರಲ್ಲೂ ಎರಡು ಎಳೆತಗಳಿವೆ. ಒಳ್ಳೆಯದನ್ನು ಪೂರ್ತಿ ಗೆದ್ದುಕೊಂಡು ಕೆಟ್ಟದ್ದನ್ನು ಬಿಸಾಡಬೇಕು ಎಂದು ಅವರು ಹೇಳಲಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ತಾಯಿಯ ಸೆರಗು ಹಿಡಿದ ಮಗುವಿಗೆ ತುಸು ಅಪನಂಬಿಕೆಯೂ ಬೇಕಲ್ಲವೇ? ನಂಬಿಕೆಯ ಪಾಲು ಹೆಚ್ಚಿರಲಿ ಎಂದಷ್ಟೇ ಅವರ ಮಾತು. ಒಂದು ಘಟ್ಟದಲ್ಲಿ ಕಳೆದುಕೊಂಡದ್ದನ್ನು ಮುಂದೊಂದು ಘಟ್ಟದಲ್ಲಿ ಮತ್ತೆ ಎತ್ತಿಕೊಳ್ಳಬಹುದು. ನನ್ನ ಗಾದೆಯ ಜಗಳಕ್ಕೆ ಬಲ ಸಿಕ್ಕಿದ್ದು ಇಲ್ಲಿ.

ಅವರು ಗಾಂಧೀಜಿಯ ಬಗ್ಗೆ ಬರೆದ ಪುಸ್ತಕ 1969ರಲ್ಲಿ ಬಂತು. ಬಾಲ್ಯವನ್ನು ಅವರು ಬಿಡಲಿಲ್ಲ. ಆದರೆ ಪುಸ್ತಕದ ನಡುಗಂಬ 1918ರ ಅಹಮದಾಬಾದ್ ಗಿರಣಿ ಕಾರ್ಮಿಕರ ಮುಷ್ಕರ. ಆಗ ಗಾಂಧೀಜಿಗೆ 48 ವರ್ಷ. ಒಬ್ಬ ಮನುಷ್ಯ ಏನಾದ ಎಂದು ತಿಳಿಯಲು ಅವನ ನಡುವಯಸ್ಸಿನ ಕೆಲವು ವಾರಗಳನ್ನು ಇಷ್ಟು ತಾಳ್ಮೆಯಿಂದ ನೋಡಿದ್ದು ನನ್ನ ಮಟ್ಟಿಗೆ ದೊಡ್ಡ ಸಂಗತಿ.

ನಡುವಯಸ್ಸಿನ ಘಟ್ಟದ ಪ್ರಶ್ನೆ ಹೀಗಿದೆ: ನನ್ನ ನಂತರದವರನ್ನು ಬೆಳೆಸುತ್ತೇನೋ, ಇಲ್ಲವೇ ನಿಂತ ನೀರಾಗುತ್ತೇನೋ? ಇದು ನಲವತ್ತಕ್ಕೆ ಬಂದು ಅರವತ್ತಕ್ಕೆ ಮುಗಿಯುವ ಪರೀಕ್ಷೆಯಲ್ಲ. ನಾನು ಅದನ್ನು ಪುಸ್ತಕಕ್ಕಿಂತ ಚೆನ್ನಾಗಿ ನಮ್ಮ ಮನೆಯ ಜಗುಲಿಯಲ್ಲಿ ಕಲಿತೆ.

ನಮ್ಮ ತಂದೆ ಜಾಲಹಳ್ಳಿಯ ಕಡೆಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡಿದವರು. ನಿವೃತ್ತರಾದ ಮೇಲೂ ಐದಕ್ಕೆ ಏಳುತ್ತಿದ್ದರು, ಸ್ನಾನ ಮಾಡಿ ಷರಟು ತೊಟ್ಟು ಗೇಟಿನ ಬಳಿ ನಿಲ್ಲುತ್ತಿದ್ದರು. ಕಾರ್ಖಾನೆಯ ಬಸ್ ಎದುರಿಗೇ ಹಾದು ಹೋಗುತ್ತಿತ್ತು. ಆಮೇಲೆ ಒಳಗೆ ಬಂದು ಕುಕ್ಕರಿನ ಕೂಗು ಎಣಿಸುತ್ತ, ಮೂರಕ್ಕೆ ಇಳಿಸಬೇಕಿತ್ತು, ನಾಲ್ಕಾಯಿತು ಎಂದು ಅಮ್ಮನ ಮೇಲೆ ರೇಗುತ್ತಿದ್ದರು. ಅರವತ್ತಕ್ಕೆ ಅರಳು ಮರಳು ಎಂದು ನೆಂಟರು ಹೇಳಿದರು. ನಾನು ಮನಃಶಾಸ್ತ್ರ ಓದಿದವಳಾಗಿಯೂ ಸುಮ್ಮನಿದ್ದೆ. ಆ ಬೇಸರ ನನಗೆ ಈಗಲೂ ಇದೆ.

ಮೇಲಿನ ಬಾಡಿಗೆ ಮನೆಯ ಹುಡುಗ ಡಿಪ್ಲೊಮಾ ಓದುತ್ತಿದ್ದ. ಸೂಕ್ಷ್ಮ ಅಳತೆಯ ಉಪಕರಣವಾದ ವರ್ನಿಯರ್ ಕ್ಯಾಲಿಪರ್ ಓದುವುದು ತಲೆಗೆ ಹತ್ತುತ್ತಿಲ್ಲ ಎಂದು ಮೆಟ್ಟಿಲ ಮೇಲೆ ಕುಳಿತು ಗೆಳೆಯನಿಗೆ ಹೇಳುತ್ತಿದ್ದದ್ದು ಅಪ್ಪನ ಕಿವಿಗೆ ಬಿತ್ತು. ಟ್ರಂಕಿನ ತಳದಲ್ಲಿ ಎಣ್ಣೆ ಹಚ್ಚಿ ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟಿದ್ದ ತಮ್ಮ ವರ್ನಿಯರನ್ನು ಹೊರತೆಗೆದರು. ‘ಬಾರೋ ಇಲ್ಲಿ’ ಎಂದರು. ಅಮ್ಮನ ಕಾಫಿ ಲೋಟವನ್ನು ಅದರ ದವಡೆಗಳ ನಡುವೆ ಹಿಡಿದು, ‘ಮೇಲಿನ ಗೆರೆ, ಕೆಳಗಿನ ಗೆರೆ ಎಲ್ಲಿ ಒಂದಾಗಿವೆ ನೋಡು. ಬೇರೆಲ್ಲೂ ನೋಡಬೇಡ’ ಎಂದರು. ಅಂದು ಮನೆಯಲ್ಲಿದ್ದ ಲೋಟ, ಬಳೆ, ಗುಂಡಿ ಯಾವುದೂ ಅಳತೆಯಿಂದ ತಪ್ಪಿಸಿಕೊಳ್ಳಲಿಲ್ಲ. ಮರುವಾರ ಇನ್ನಿಬ್ಬರು ಹುಡುಗರು ಬಂದರು. ಕುಕ್ಕರಿನ ಲೆಕ್ಕ ಯಾವಾಗ ನಿಂತಿತೋ ಅಮ್ಮನಿಗೂ ನೆನಪಿಲ್ಲ.

ಹದಿನಾಲ್ಕು ವರ್ಷಗಳ ನಂತರ ಅಪ್ಪ ಹಾಸಿಗೆ ಹಿಡಿದರು. ಆ ಹುಡುಗ ಆಗ ಪೀಣ್ಯದಲ್ಲಿ ಎರಡು ಯಂತ್ರಗಳ ಚಿಕ್ಕ ವರ್ಕ್‌ಶಾಪ್ ಇಟ್ಟುಕೊಂಡಿದ್ದ. ಒಂದು ಸಂಜೆ ತಾನೇ ಕಡೆದ ಹಿತ್ತಾಳೆಯ ಬುಷ್, ಅಂದರೆ ಯಂತ್ರಕ್ಕೆ ಹಾಕುವ ಕೊಳವೆಯಂಥ ಬಿಡಿಭಾಗ, ಒಂದನ್ನು ಜೇಬಿನಲ್ಲಿಟ್ಟುಕೊಂಡು ಬಂದು ಅಪ್ಪನ ಅಂಗೈಯಲ್ಲಿಟ್ಟ. ಅಪ್ಪ ಅದನ್ನು ಟ್ಯೂಬ್‌ಲೈಟಿನ ಕಡೆಗೆ ಹಿಡಿದು ತಿರುಗಿಸಿ ನೋಡಿ, ಟ್ರಂಕಿನತ್ತ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಕೈ ನಡುಗುತ್ತಿತ್ತು, ಆದ್ದರಿಂದ ವರ್ನಿಯರನ್ನು ಹುಡುಗನೇ ಹಿಡಿದ. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ಓದಿದರು.

‘ಇಪ್ಪತ್ತೈದು ಪಾಯಿಂಟ್ ಸೊನ್ನೆ ಎರಡು. ಎಷ್ಟಿರಬೇಕಿತ್ತು?’

‘ಇಪ್ಪತ್ತೈದು, ತಾತ. ನಾಳೆ ಸರಿಮಾಡಿ ತರುತ್ತೇನೆ.’

‘ತಾ’ ಎಂದರು ಅಪ್ಪ. ‘ಬೆಳಿಗ್ಗೆಯೇ ಬಾ.’

ನಮಸ್ಕಾರ.