ಬಲ್ಬ್ ಬದಲಿಸುವ ಮುನ್ನ ಹೋಲ್ಡರ್ ನೋಡಿ

ಎಲ್ಲರಿಗೂ ನಮಸ್ಕಾರ.

"ಬೈಕಿನ ಹೆಡ್‌ಲೈಟ್ ಸಾಲ್ತಿಲ್ಲ, ಯಾವ ಬಲ್ಬ್ ಹಾಕಲಿ?" ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಾನು ತಿರುಗಿ ಕೇಳುವುದು ಒಂದೇ ಮಾತು: ಈಗಿರುವ ಬಲ್ಬಿಗೆ ಎಷ್ಟು ವೋಲ್ಟ್ ತಲುಪುತ್ತಿದೆ? ಅಳೆದು ನೋಡಿದವರು ತುಂಬಾ ಕಡಿಮೆ.

ಇಲ್ಲಿ ನೋಡಿ, ಇದು ಎಚ್4 ಬಲ್ಬ್, ಹೆಡ್‌ಲೈಟಿನ ಹ್ಯಾಲೊಜನ್ ಬಲ್ಬುಗಳ ಒಂದು ಮಾದರಿ. ಬುಡದ ಲೋಹವನ್ನಷ್ಟೇ ಹಿಡಿದಿದ್ದೇನೆ, ಗಾಜು ಮುಟ್ಟಿಲ್ಲ. ಕಾರಣ ಆಮೇಲೆ ಹೇಳುತ್ತೇನೆ. ಒಳಗೆ ಎರಡು ತಂತಿ ಸುರುಳಿಗಳಿವೆ. ಬುಡಕ್ಕೆ ಹತ್ತಿರದ್ದು ಹೈ ಬೀಮ್, 60 ವ್ಯಾಟ್. ತುದಿಯ ಕಡೆಯದ್ದು ಲೋ ಬೀಮ್, 55 ವ್ಯಾಟ್. ಲೋ ಬೀಮ್ ಸುರುಳಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಕಾಣುತ್ತದಾ? ಅದು ಕೆಳಕ್ಕೆ ಬೀಳುವ ಬೆಳಕನ್ನು ತಡೆಯುತ್ತದೆ. ಹಾಗಾಗಿ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ರಸ್ತೆಯ ಕಡೆ ಇಳಿಯುತ್ತದೆ. ಎದುರಿನಿಂದ ಬರುವವರ ಕಣ್ಣು ಕಾಯುವುದು ಈ ಬಟ್ಟಲು. ಇದನ್ನು ನೆನಪಿಟ್ಟುಕೊಳ್ಳಿ.

ಈಗ ವೋಲ್ಟೇಜ್ ವಿಷಯ. ಹ್ಯಾಲೊಜನ್ ಬಲ್ಬಿನಲ್ಲಿ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಹಳೇ ಸ್ವಿಚ್, ತುಕ್ಕು ಹಿಡಿದ ಅರ್ತ್, ಸಡಿಲವಾದ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್), ಒಂದೊಂದೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಬ್ಯಾಟರಿಯಿಂದ ಹೆಡ್‌ಲೈಟ್ ಉರಿಯುವ ಬೈಕಾದರೆ ಎಂಜಿನ್ ಚಾಲೂ ಮಾಡಿ, ಲೈಟ್ ಹಾಕಿ, ಮಲ್ಟಿಮೀಟರಿನಲ್ಲಿ ಬ್ಯಾಟರಿ ಹತ್ತಿರ ಒಮ್ಮೆ, ಬಲ್ಬಿನ ಹೋಲ್ಡರ್ ಹಿಂದೆ ಒಮ್ಮೆ ಅಳೆಯಿರಿ. ಬಲ್ಬ್ ಉರಿಯುತ್ತಿರುವಾಗಲೇ ಅಳೆಯಬೇಕು. ಬಿಚ್ಚಿಟ್ಟು ಅಳೆದರೆ ಎಲ್ಲ ಸರಿಯಾಗೇ ಕಾಣುತ್ತದೆ! ಒಂದು ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಹೊಸ ಬಲ್ಬ್ ಬೇಡ, ಮೊದಲು ವೈರಿಂಗ್ ನೋಡಿ. ಬ್ಯಾಟರಿಯಿಂದ ಫ್ಯೂಸ್ ಹಾಕಿ ದಪ್ಪ ವೈರ್ ಎಳೆದು, ನಡುವೆ ರಿಲೇ, ಅಂದರೆ ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್, ಕೂರಿಸಿದರೆ ಸ್ವಿಚ್ಚಿನ ಮೇಲಿನ ಹೊರೆಯೂ ಇಳಿಯುತ್ತದೆ. ಹಳೇ ಬಲ್ಬೇ ಹೊಸದರಂತೆ ಉರಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇದನ್ನು ನಾನು ಕಲಿತದ್ದು ಸುಟ್ಟ ವಾಸನೆಯಿಂದ. ವರ್ಷಗಳ ಹಿಂದೆ ನನ್ನ ಬೈಕಿಗೆ 100/90 ವ್ಯಾಟಿನ ಬಲ್ಬ್ ಹಾಕಿದೆ, ಅಂದರೆ ಹೈ ಬೀಮ್ 100, ಲೋ ಬೀಮ್ 90. ವೈರ್ ಹಳೆಯದೇ. ಕೆಲವೇ ವಾರಗಳಲ್ಲಿ ಹೋಲ್ಡರಿನ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಒಂದು ಪಿನ್ನಿನ ಸುತ್ತ ಕರಗಿತ್ತು. 12 ವೋಲ್ಟಿನಲ್ಲಿ 60 ವ್ಯಾಟಿಗೆ 5 ಆಂಪಿಯರ್, 100 ವ್ಯಾಟಿಗೆ 8ಕ್ಕಿಂತ ಜಾಸ್ತಿ. ವೈರಿನ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅಂದರೆ ಹೆಚ್ಚುಕಮ್ಮಿ ಮೂರು ಪಟ್ಟು.

ಚಿಕ್ಕ ಬೈಕುಗಳಲ್ಲಿ ಎಚ್‌ಎಸ್1 ಬಲ್ಬ್ ಇರುತ್ತದೆ, 35/35 ವ್ಯಾಟ್. ನೋಡಲು ಎಚ್4 ತರಹವೇ. ಬುಡದ ಲೋಹದ ಅಂಚಿನಲ್ಲಿ ಚಾಚಿದ ಕಿವಿಗಳನ್ನು ಅರದಿಂದ ಉಜ್ಜಿ ಎಚ್4 ತುರುಕುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಬಲ್ಬ್ ಒಂದು ಕೂದಲೆಳೆ ವಾರೆಯಾದರೂ ಬೀಮ್ ಕೆಡುತ್ತದೆ, ಎಂಜಿನ್ ತಿರುಗುವಾಗ ಕರೆಂಟ್ ಕೊಡುವ ಚಾರ್ಜಿಂಗ್ ಕಾಯಿಲ್ಲಿಗೂ ಅಷ್ಟು ಶಕ್ತಿ ಇರುವುದಿಲ್ಲ.

ಎಲ್‌ಇಡಿ ಹಾಕಬಹುದಾ? ಆ ಲೋಹದ ಬಟ್ಟಲು ನೆನಪಿದೆ ಅಲ್ವಾ? ಎಲ್‌ಇಡಿ ಬಲ್ಬಿನ ಚಿಪ್‌ಗಳು ಸುರುಳಿ ಇದ್ದ ಜಾಗದಲ್ಲೇ ಕೂರಬೇಕು, ಅಂಥದೇ ಮರೆಯೂ ಬೇಕು. ಇಲ್ಲದಿದ್ದರೆ ಬೆಳಕು ಮರದ ತುದಿಗೂ ಹೋಗುತ್ತದೆ, ಎದುರಿನವರ ಕಣ್ಣಿಗೂ ಹೋಗುತ್ತದೆ, ರಸ್ತೆಗೆ ಮಾತ್ರ ಸಾಲುವುದಿಲ್ಲ. ಹತ್ತಿರದ ನೆಲ ಬೆಳ್ಳಗೆ ಹೊಳೆಯುವುದರಿಂದ ಚೆನ್ನಾಗಿ ಕಾಣುತ್ತಿದೆ ಅನ್ನಿಸುತ್ತದೆ, ಆದರೆ ದೂರದ ಗುಂಡಿ ಕತ್ತಲಲ್ಲೇ ಉಳಿದಿರುತ್ತದೆ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ನಿಮಗೆ ಬೇಕಾದ್ದು ದೂರದ ಬೆಳಕು. ಇನ್ನೊಂದು, ಕೆಲವು ಚಿಕ್ಕ ಬೈಕುಗಳಲ್ಲಿ ಹೆಡ್‌ಲೈಟಿಗೆ ಬ್ಯಾಟರಿಯಿಂದಲ್ಲ, ಆ ಕಾಯಿಲ್ಲಿನಿಂದಲೇ ಎಸಿ ಕರೆಂಟ್ (ದಿಕ್ಕು ಬದಲಾಗುತ್ತಲೇ ಇರುವ ಕರೆಂಟ್) ಬರುತ್ತದೆ. ಆಕ್ಸಿಲರೇಟರ್ ಕೊಟ್ಟಂತೆ ಬೆಳಕು ಏರುತ್ತಿದ್ದರೆ ಆ ಅನುಮಾನ ಇಟ್ಟುಕೊಳ್ಳಿ. ಅಲ್ಲಿ ಸುಮ್ನೆ ಎಲ್‌ಇಡಿ ಹಾಕಿದರೆ ಮಿಣುಕುತ್ತದೆ, ಬೇಗ ಹಾಳೂ ಆಗಬಹುದು. ಹೀಗೆ ಬದಲಿಸುವುದಕ್ಕೆ ಬಹಳ ದೇಶಗಳಲ್ಲಿ ಕಾನೂನಿನ ಅಡ್ಡಿಯೂ ಇದೆ. ಕೇಳಿಯೇ ಹಾಕಿ.

ಬದಲಿಸುವ ಕೆಲಸ ಸುಲಭ. ಲೈಟ್ ಆರಿಸಿ, ತಣ್ಣಗಾಗಲು ಬಿಡಿ. ಕಪ್ಲರ್ ಎಳೆದು, ರಬ್ಬರ್ ಮುಚ್ಚಳ ತೆಗೆದು, ಸ್ಪ್ರಿಂಗ್ ಕ್ಲಿಪ್ ಒತ್ತಿದರೆ ಬಲ್ಬ್ ಹೊರಗೆ. ಹೊಸದರ ಮೂರು ಕಿವಿಗಳು ಒಂದೇ ಅಳತೆಯವಲ್ಲ, ತಪ್ಪಾಗಿ ಕೂರುವುದಿಲ್ಲ. ಗಾಜು ಮುಟ್ಟಬಾರದು ಅಂದೆನಲ್ಲ, ಯಾಕೆಂದರೆ ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ವಿಪರೀತ ಕಾದು ಹಾಳಾಗುತ್ತದೆ. ಮುಟ್ಟಿಬಿಟ್ಟರೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ರಬ್ಬರ್ ಮುಚ್ಚಳ ಮಾತ್ರ ಬಿಗಿಯಾಗಿ ಹಾಕಿ. ನೀರು ಒಳಗೆ ಹೋದರೆ ರಿಫ್ಲೆಕ್ಟರಿನ ಹೊಳಪು ಹೋಗುತ್ತದೆ. ಅದು ಮಂಕಾದ ಮೇಲೆ ಯಾವ ಬಲ್ಬೂ ಉಪಯೋಗಕ್ಕೆ ಬರುವುದಿಲ್ಲ.

ಕೊನೆಗೆ ಬೀಮ್ ಹೊಂದಿಸುವುದು. ಗೋಡೆಯಿಂದ 5 ಮೀಟರ್ ದೂರದಲ್ಲಿ ಬೈಕ್ ನೇರ ನಿಲ್ಲಿಸಿ, ಮೇಲೆ ಕುಳಿತುಕೊಳ್ಳಿ. ಹೆಡ್‌ಲೈಟಿನ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿಸಿ. ಲೋ ಬೀಮಿನ ಮೇಲಂಚು ಅದಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಲಿ. ಬೈಕಿನ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿ. ಹಿಂದೆ ಒಬ್ಬರನ್ನು ಕೂರಿಸಿ ಮತ್ತೊಮ್ಮೆ ನೋಡಿ. ಗೆರೆ ಮೇಲೇರಿರುತ್ತದೆ. ದಿನಾ ಇಬ್ಬರೇ ಓಡಾಡುವವರಾದರೆ ಇಬ್ಬರೂ ಕುಳಿತೇ ಹೊಂದಿಸಿ.

ಆ ಮೂಲೆಯಲ್ಲಿ ಬೈಕ್ ನಿಲ್ಲಿಸಿದ್ದೇನೆ, ಗೋಡೆಗೆ ಟೇಪೂ ಅಂಟಿಸಿದ್ದೇನೆ. ದೀಪ ಆರಿಸುತ್ತೇವೆ, ಹತ್ತಿರ ಬನ್ನಿ. ಮೊದಲು ಹ್ಯಾಲೊಜನ್, ಆಮೇಲೆ ಎಲ್‌ಇಡಿ ಹಾಕುತ್ತೇನೆ. ಗೆರೆ ಎಲ್ಲಿ ಬೀಳುತ್ತದೆ ಅಂತ ನೀವೇ ನೋಡಿ.