ತೂಕ ಹಾಗೇ ಇದೆ, ಆದರೆ ಸೊಂಟ?

ಸಭೆಯಲ್ಲಿರುವ ಹಿರಿಯರಿಗೂ ಅವರನ್ನು ಕರೆತಂದ ಮಕ್ಕಳಿಗೂ ಸೊಸೆಯಂದಿರಿಗೂ ನಮಸ್ಕಾರ.

“ಇಪ್ಪತ್ತು ವರ್ಷದಿಂದ ನನ್ನ ತೂಕ ಒಂದೇ ಸಮ ಇದೆ, ನನಗೇಕೆ ಸಕ್ಕರೆ ಕಾಯಿಲೆ ಬರುತ್ತದೆ?” ಎಂದು ಕೇಳುವ ಹಿರಿಯರು ಬಹಳ ಮಂದಿ. ಈ ನಂಬಿಕೆ ಅಪಾಯಕಾರಿ ಎಂದು ಹೇಳುವುದಕ್ಕೇ ಇಂದು ನಾನು ಇಲ್ಲಿ ನಿಂತಿದ್ದೇನೆ.

ವಯಸ್ಸಾದಂತೆ ತೊಡೆ, ತೋಳುಗಳ ಸ್ನಾಯು ಕರಗುತ್ತಾ ಹೋಗುತ್ತದೆ. ಅದೇ ಹೊತ್ತಿಗೆ ಹೊಟ್ಟೆಯೊಳಗೆ, ಕರುಳಿನ ಸುತ್ತ, ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ಹೋದದ್ದೂ ಬಂದದ್ದೂ ಸರಿಸಮವಾದರೆ ತೂಕದ ಯಂತ್ರದ ಮುಳ್ಳು ಅಲುಗುವುದೇ ಇಲ್ಲ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯನ್ನು ತುಂಬಿಟ್ಟುಕೊಳ್ಳುವ ದೊಡ್ಡ ಕಣಜವೆಂದರೆ ಸ್ನಾಯು. ಆ ಕಣಜ ಕುಗ್ಗಿದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಇತ್ತ ಹೊಟ್ಟೆಯೊಳಗಿನ ಕೊಬ್ಬು ಯಕೃತ್ತನ್ನು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನಿನ ಮಾತು ಕೇಳದಂತೆ ಮಾಡುತ್ತದೆ. ಬೇಡದ ಹೊತ್ತಿನಲ್ಲೂ ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ.

ಹಾಗಾದರೆ ಎಲ್ಲರೂ ಹೇಳುವ ಬಿಎಂಐ? ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಈ ಲೆಕ್ಕದ ಮೂಲ 19ನೇ ಶತಮಾನದ ಬೆಲ್ಜಿಯಂನ ಅಡಾಲ್ಫ್ ಕೆಟಲೆ. ಅವರು ವೈದ್ಯರಲ್ಲ, ಸಂಖ್ಯಾಶಾಸ್ತ್ರಜ್ಞರು. ಭಾರತೀಯರಿಗೆ 23ರಿಂದಲೇ ಹೆಚ್ಚಿನ ತೂಕ, 25ರಿಂದ ಬೊಜ್ಜು ಎಂದು ನಮ್ಮ ವೈದ್ಯರು ಗೆರೆಯನ್ನು ಕೆಳಗಿಳಿಸಿದ್ದಾರೆ. ಅದಕ್ಕೆ ಕಾರಣವಿದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯಡ್ಕಿನ್ 2004ರಲ್ಲಿ ತಮ್ಮಿಬ್ಬರ ಅಳತೆಗಳನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ನೋಡಲು ತೆಳ್ಳಗಿರುವ ಭಾರತೀಯನ ಮೈಯೊಳಗೆ ಏನಿರಬಹುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಉದಾಹರಣೆ ನನಗೆ ಗೊತ್ತಿಲ್ಲ.

ಮುಪ್ಪಿನಲ್ಲಿ ಈ ಸಂಖ್ಯೆ ಇನ್ನಷ್ಟು ದಾರಿ ತಪ್ಪಿಸುತ್ತದೆ. ಬೆನ್ನು ಬಾಗಿ, ಬೆನ್ನುಮೂಳೆ ಕುಸಿದು ಎತ್ತರ ಇಳಿಯುತ್ತದೆ. 60 ಕಿಲೋ ತೂಗುವ ವ್ಯಕ್ತಿ 160 ಸೆಂಟಿಮೀಟರಿನಿಂದ 155ಕ್ಕೆ ಇಳಿದರೆ, ಒಂದು ಗ್ರಾಂ ಕೊಬ್ಬೂ ಸೇರದೆ ಬಿಎಂಐ 23.4ರಿಂದ 25ಕ್ಕೆ ಏರುತ್ತದೆ. ಸ್ನಾಯು ಕರಗಿ ಹೋದವರಲ್ಲಿ ಅದೇ ಸಂಖ್ಯೆ ಇಳಿದು, ಎಲ್ಲವೂ ಚೆನ್ನಾಗಿದೆ ಎಂಬ ಸುಳ್ಳು ಸಮಾಧಾನ ಕೊಡುತ್ತದೆ.

ಆದ್ದರಿಂದ ದರ್ಜಿಯ ಟೇಪು ಹಿಡಿಯಿರಿ. ಪಂಚೆ ಕಟ್ಟುವ ಜಾಗ, ಸೀರೆಯ ಲಂಗದ ಲಾಡಿಯ ಜಾಗ ಸೊಂಟದ ಅಳತೆಗೆ ಸಲ್ಲದು. ಹೊಟ್ಟೆ ಬಂದವರು ಅದರ ಕೆಳಗೇ ಕಟ್ಟಿರುತ್ತಾರೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ ಟೇಪು ನೆಲಕ್ಕೆ ಸಮಾಂತರವಾಗಿ ಸುತ್ತಬೇಕು. ಬಟ್ಟೆಯ ಮೇಲೆ ಬೇಡ. ಹೊಟ್ಟೆ ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟಾಗ ಓದಿಕೊಳ್ಳಿ. ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಅದು ಎಚ್ಚರಿಕೆಯ ಗೆರೆ. ಕುಳ್ಳಗಿರುವವರು ಇನ್ನೊಂದು ಲೆಕ್ಕವನ್ನೂ ನೋಡಿಕೊಳ್ಳಲಿ: ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು.

ಟೇಪು ಕೈಯಲ್ಲಿರುವಾಗಲೇ ಕಾಲಿನ ಮೀನಖಂಡವನ್ನೂ ಅದರ ದಪ್ಪನೆಯ ಜಾಗದಲ್ಲಿ ಅಳೆಯಿರಿ. ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸ್ನಾಯು ಸವೆದಿರಬಹುದೆಂದು ಏಷ್ಯಾದ ತಜ್ಞರು ಗುರುತಿಸಿದ್ದಾರೆ. ಕಾಲಿನಲ್ಲಿ ಬಾವು ಇದ್ದರೆ ಮಾತ್ರ ಈ ಅಳತೆ ನಂಬಬೇಡಿ. ದಪ್ಪ ಸೊಂಟ, ಸಣ್ಣ ಮೀನಖಂಡ ಎರಡೂ ಇರುವ ಹಿರಿಯರ ಬಗ್ಗೆಯೇ ನನಗೆ ಹೆಚ್ಚು ಚಿಂತೆ.

ಚೆನ್ನೈನ ಸಂಶೋಧಕರು 2005ರಲ್ಲಿ ಮಧುಮೇಹದ ಅಪಾಯವನ್ನು ಅಳೆಯಲು ಭಾರತೀಯರಿಗಾಗಿಯೇ ಒಂದು ಅಂಕಪಟ್ಟಿ ರೂಪಿಸಿದರು. ಒಟ್ಟು 100 ಅಂಕ. 60 ಅಥವಾ ಹೆಚ್ಚು ಬಂದರೆ ಹೆಚ್ಚಿನ ಅಪಾಯ. ವಯಸ್ಸು ಐವತ್ತು ಮುಟ್ಟಿದರೆ 30. ತಂದೆತಾಯಿ ಇಬ್ಬರಿಗೂ ಮಧುಮೇಹವಿದ್ದರೆ 20. ಸೊಂಟಕ್ಕೆ ಗರಿಷ್ಠ 20, ದೈಹಿಕ ಚಟುವಟಿಕೆಯೇ ಇಲ್ಲದಿದ್ದರೆ 30. ನೋಡಿ, ಐವತ್ತು ದಾಟಿ ಕುಳಿತೇ ಇರುವವರು ಬೇರೇನೂ ಇಲ್ಲದೆ 60 ಮುಟ್ಟುತ್ತಾರೆ. ವಯಸ್ಸನ್ನೂ ವಂಶವನ್ನೂ ಬದಲಿಸಲಾಗದು. ಉಳಿದ 50 ಅಂಕ ನಮ್ಮ ಕೈಯಲ್ಲಿದೆ. ನಡಿಗೆಯ ಜೊತೆಗೆ, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ ದಿನವೂ ಇರಲಿ. ಸ್ನಾಯುವಿಗೆ ಬರೀ ನಡಿಗೆ ಸಾಲದು. ತಟ್ಟೆಯಲ್ಲಿ ಅನ್ನ, ಮುದ್ದೆ ಕಡಿಮೆಯಾಗಿ ಬೇಳೆ, ಹುರುಳಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಹೆಚ್ಚಲಿ. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಬದಲಿಸಿಕೊಳ್ಳಿ.

ಮಕ್ಕಳಿಗೆ, ಸೊಸೆಯಂದಿರಿಗೆ ಒಂದು ಮಾತು. ಅಪ್ಪ ಅಥವಾ ಅತ್ತೆ ಪ್ರಯತ್ನವಿಲ್ಲದೆ ಸಣ್ಣಗಾಗುತ್ತಿದ್ದರೆ “ಒಳ್ಳೆಯದೇ ಆಯಿತು” ಎನ್ನಬೇಡಿ. ಹತೋಟಿ ತಪ್ಪಿದ ಮಧುಮೇಹವೂ ಹಾಗೆಯೇ ಕಾಣಿಸಿಕೊಳ್ಳುತ್ತದೆ, ಬೇರೆ ಕಾಯಿಲೆಗಳೂ ಇರಬಹುದು. ಟೇಪು ಅನುಮಾನವನ್ನಷ್ಟೇ ಹುಟ್ಟಿಸುತ್ತದೆ, ಉತ್ತರ ಸಿಗುವುದು ರಕ್ತಪರೀಕ್ಷೆಯಲ್ಲಿ. ಬರಿಹೊಟ್ಟೆಯ ಸಕ್ಕರೆ 100ರಿಂದ 125 ಇದ್ದರೆ ಅದು ಮಧುಮೇಹದ ಹೊಸ್ತಿಲು. 126 ಮುಟ್ಟಿದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಇಲ್ಲಿ ಟೇಪು ತಂದಿದ್ದೇವೆ. ಅಳತೆ ಮಾಡಿಸಿಕೊಂಡು, ಸೊಂಟ, ಮೀನಖಂಡ ಎರಡರ ಸಂಖ್ಯೆಗಳನ್ನೂ ಬರೆದುಕೊಂಡು, ಮುಂದಿನ ಸಲ ನಿಮ್ಮ ವೈದ್ಯರಲ್ಲಿಗೆ ಹೋಗುವಾಗ ಆ ಚೀಟಿಯನ್ನು ತೋರಿಸಿ.