ಹಸಿರಿನೊಳಗೆ ಅಡಗಿದ್ದ ಹಳದಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳಿರುವ ಮನೆಯಲ್ಲಿ ಒಂದು ಕಪ್ಪು ಸ್ಕೆಚ್ ಪೆನ್ ಸಿಕ್ಕೇ ಸಿಗುತ್ತದೆ. ಒಂದು ಬಿಳಿ ಸೀಮೆಸುಣ್ಣವನ್ನೂ ಹುಡುಕಿಕೊಳ್ಳಿ. ಅದರ ಬುಡದಿಂದ ಬೆರಳಗಲ ಮೇಲೆ, ಸುತ್ತಲೂ ಬಳೆಯ ಹಾಗೆ ಗೆರೆ ಎಳೆಯಿರಿ. ತಟ್ಟೆಗೆ ಸ್ವಲ್ಪವೇ ನೀರು ಹಾಕಿ ಅದರಲ್ಲಿ ನೆಟ್ಟಗೆ ನಿಲ್ಲಿಸಿ. ಗೆರೆಗೆ ನೀರು ತಾಗಬಾರದು. ಆಮೇಲೆ ಸುಮ್ನೆ ನೋಡುತ್ತಾ ಕೂತಿರಿ.

ನೀರು ಸೀಮೆಸುಣ್ಣದೊಳಗೆ ಮೇಲೇರುತ್ತದೆ. ಕಪ್ಪು ಶಾಯಿಯೂ ಅದರ ಜೊತೆ ಹೊರಡುತ್ತದೆ. ಆದರೆ ಕಪ್ಪಾಗಿ ಉಳಿಯುವುದಿಲ್ಲ. ಪೆನ್ನು ಯಾವುದು ಎನ್ನುವುದರ ಮೇಲೆ ನೀಲಿಯೋ, ಗುಲಾಬಿಯೋ, ಹಳದಿಯೋ ಬೇರೆಬೇರೆ ಪಟ್ಟೆಗಳಾಗುತ್ತವೆ. ಇದೇ ಕ್ರೊಮ್ಯಾಟೊಗ್ರಫಿ.

ಒಂದೊಂದು ಬಣ್ಣವನ್ನೂ ಇಬ್ಬರು ಎಳೆಯುತ್ತಿರುತ್ತಾರೆ. ಸೀಮೆಸುಣ್ಣ 'ಇಲ್ಲೇ ಇರು' ಎನ್ನುತ್ತದೆ. ನೀರು 'ನಡಿ, ಹೋಗೋಣ' ಎನ್ನುತ್ತದೆ. ಸುಣ್ಣಕ್ಕೆ ಜಾಸ್ತಿ ಅಂಟುವ ಬಣ್ಣ ಹಿಂದುಳಿಯುತ್ತದೆ, ನೀರಿನ ಜೊತೆ ಒಗ್ಗುವುದು ಮುಂದೆ ಹೋಗುತ್ತದೆ. ಒಂದು ಸಲದ ವ್ಯತ್ಯಾಸ ಏನೇನೂ ಅಲ್ಲ. ಆದರೆ ಹಿಡಿಯುವುದು, ಬಿಡುವುದು ದಾರಿಯುದ್ದಕ್ಕೂ ಮತ್ತೆ ಮತ್ತೆ ನಡೆಯುತ್ತದೆ. ಆ ಸಣ್ಣ ಸಣ್ಣ ವ್ಯತ್ಯಾಸಗಳೆಲ್ಲ ಕೂಡಿಕೊಂಡು ಕಣ್ಣಿಗೆ ಕಾಣುವಷ್ಟಾಗುತ್ತವೆ.

ಇದನ್ನು ಒಂದು ವಿಧಾನವಾಗಿ ರೂಪಿಸಿದವರು ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೆ ಬಣ್ಣ ಎಂದೇ ಅರ್ಥ! ವಾರ್ಸಾದಲ್ಲಿದ್ದಾಗ ಅವರು ಗಾಜಿನ ಕೊಳವೆಗೆ ಸೀಮೆಸುಣ್ಣದ ನುಣ್ಣನೆಯ ಪುಡಿ ತುಂಬಿದರು. ಎಲೆಯಿಂದ ತೆಗೆದ ಹಸಿರು ದ್ರಾವಣವನ್ನು ಮೇಲಿಂದ ಸುರಿದರು. ಹಿಂದೆಯೇ ಬಣ್ಣವನ್ನು ಕರಗಿಸಿಕೊಳ್ಳುವ ಬರೀ ದ್ರಾವಕ ಸುರಿಯುತ್ತಾ ಹೋದರು. ಬಿಳಿ ಪುಡಿಯಲ್ಲಿ ಪಟ್ಟೆಗಳು ಮೂಡಿದವು. ಹಸಿರಿನದ್ದೇ ಎರಡು ಬಗೆ. ಅದರ ಜೊತೆ ಹಳದಿ ಪಟ್ಟೆಗಳು. ಎಲೆ ಹಣ್ಣಾದಾಗ ನಮಗೆ ಕಾಣುವ ಹಳದಿ ಹಸಿರೆಲೆಯಲ್ಲೇ ಅಡಗಿತ್ತು ಅಲ್ವಾ? ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಆ ಪುಡಿಯ ಕಂಬವನ್ನು ಇಡಿಯಾಗಿ ಹೊರಗೆ ತಳ್ಳಿ, ಚಾಕುವಿನಿಂದ ಪಟ್ಟೆ ಪಟ್ಟೆಯಾಗಿ ಕತ್ತರಿಸಿ, ಒಂದೊಂದರ ಬಣ್ಣವನ್ನೂ ಬೇರೆಯಾಗಿ ತೊಳೆದು ತೆಗೆದರು. ಬೇರ್ಪಡಿಸುವುದು, ಶುದ್ಧ ಮಾಡುವುದು ಎರಡೂ ಒಂದೇ ಕೊಳವೆಯಲ್ಲಿ ಮುಗಿದವು. 1906ರಲ್ಲಿ ಈ ವಿಧಾನಕ್ಕೆ ಕ್ರೊಮ್ಯಾಟೊಗ್ರಫಿ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಪದಕ್ಕೆ 'ಬಣ್ಣದ ಬರಹ' ಎಂದರ್ಥ.

ಆಗಿನ ರಸಾಯನಶಾಸ್ತ್ರಜ್ಞರು ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಪುಡಿಗೆ ತಾಗಿ ಬಣ್ಣವೇ ಕೆಟ್ಟು ಹೊಸದು ಹುಟ್ಟಿರಬಹುದಲ್ಲ ಎಂಬ ಅನುಮಾನ. ನನಗೆ ಆ ಪ್ರಶ್ನೆ ನ್ಯಾಯವಾದದ್ದೇ ಅನ್ನಿಸುತ್ತದೆ. ಅದನ್ನು ಪರೀಕ್ಷಿಸಬಹುದು. ಒಂದು ಪಟ್ಟೆಯ ಬಣ್ಣವನ್ನು ಮತ್ತೆ ಅಂಥದೇ ಕೊಳವೆಗೆ ಸುರಿದರೆ ಅದು ಇನ್ನೊಮ್ಮೆ ಒಡೆಯಬಾರದು. ಎಲ್ಲವನ್ನೂ ಬೆರೆಸಿದರೆ ಮೊದಲಿನ ಹಸಿರೇ ಬರಬೇಕು. ಬೇಸರದ ಸಂಗತಿ ಎಂದರೆ, ತಮ್ಮ ವಿಧಾನ ಗೆದ್ದದ್ದನ್ನು ತ್ಸ್ವೆತ್ ನೋಡಲಿಲ್ಲ. 1919ರಲ್ಲಿ, 47ನೇ ವಯಸ್ಸಿಗೇ ತೀರಿಕೊಂಡರು. 1931ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರಿಚರ್ಡ್ ಕುನ್ ಮತ್ತು ಎಡ್ಗರ್ ಲೆಡರರ್ ಇಬ್ಬರೂ ತ್ಸ್ವೆತ್ ದಾರಿಯಲ್ಲೇ, ಕ್ಯಾರೊಟಿನ್ ಎಂಬ ಹಳದಿ-ಕಿತ್ತಳೆ ಬಣ್ಣದ ಬಗೆಗಳನ್ನು ಬೇರ್ಪಡಿಸಿದರು. ಆಮೇಲೆ ಈ ವಿಧಾನ ಎಲ್ಲ ಕಡೆ ಹರಡಿತು. ಬ್ರಿಟನ್ನಿನ ಮಾರ್ಟಿನ್ ಮತ್ತು ಸಿಂಜ್ ಇದನ್ನು ಹೊಸ ರೀತಿಯಲ್ಲಿ ಬೆಳೆಸಿ 1952ರಲ್ಲಿ ನೊಬೆಲ್ ಪಡೆದರು. ಈಗ ಬಣ್ಣವೇ ಇಲ್ಲದ ವಸ್ತುಗಳನ್ನೂ ಹೀಗೆ ಬೇರ್ಪಡಿಸುತ್ತಾರೆ. ಔಷಧಿಯ ಶುದ್ಧತೆ, ತರಕಾರಿಯಲ್ಲಿ ಉಳಿದ ಕೀಟನಾಶಕ, ಆಟಗಾರರ ಮೂತ್ರದಲ್ಲಿ ನಿಷೇಧಿತ ಮದ್ದು, ಎಲ್ಲವನ್ನೂ ಹೀಗೇ ನೋಡುವುದು.

ನಮ್ಮ ಅಡುಗೆಮನೆಯ ಅರಿಶಿನವನ್ನೇ ತೆಗೆದುಕೊಳ್ಳಿ. ಅದರ ಹಳದಿ ಒಂದೇ ಅಂದುಕೊಳ್ಳುತ್ತೇವೆ. ಸಿಲಿಕಾ ಎಂಬ ಬಿಳಿ ಪುಡಿ ಬಳಿದ ತೆಳು ಹಾಳೆಯ ಮೇಲೆ ಅರಿಶಿನದ ಸಾರವನ್ನು ಚುಕ್ಕೆ ಇಟ್ಟು, ತಕ್ಕ ದ್ರಾವಕ ಏರಲು ಬಿಟ್ಟರೆ ಮೂರು ಹಳದಿ ಚುಕ್ಕೆ ಕಾಣುತ್ತವೆ. ಮೂರೂ ಅಣುಗಳು ಹೆಚ್ಚುಕಡಿಮೆ ಒಂದೇ. ಮೆಥಾಕ್ಸಿ ಎಂಬ ಪರಮಾಣುಗಳ ಪುಟ್ಟ ಗುಂಪು ಒಂದರಲ್ಲಿ ಎರಡಿದೆ, ಇನ್ನೊಂದರಲ್ಲಿ ಒಂದಿದೆ, ಮೂರನೆಯದರಲ್ಲಿ ಇಲ್ಲವೇ ಇಲ್ಲ. ಎರಡಿರುವ ಕರ್ಕ್ಯುಮಿನ್ ಎಲ್ಲಕ್ಕಿಂತ ಮೇಲೆ ಏರುತ್ತದೆ. ಒಂದೂ ಇಲ್ಲದ್ದು ಸಿಲಿಕಾವನ್ನು ಬಿಡಲಾರದೆ ಕೆಳಗೇ ಉಳಿಯುತ್ತದೆ.

ನಮಸ್ಕಾರ.